ಎಡಗೈಯ ಚಮಚ

ಕಟಗಿ ಅಡ್ಡಾದಾಗ ನನ್ನ ಕೆಲಸ ಮೊಳಿ ಹುಡುಕೂದು.
ಹಳೇ ವಾಡೆದ ತೊಲಿ, ಬಂಡಿಯ ನೊಗ, ಬಾಗಲಾ ಚೌಕಟ್ಟು
ಗರಗಸಕ್ಕ ಹೋಗೂಕಿಂತ ಮದಲ ನನ್ನ ಮುಂದ ಮಲಗ್ತಾವ.
ಮಶೀನ ಆಡಸ್ತೀನಿ. ಕುಂಯ್ ಅಂದ್ರ ಸುಣ್ಣದ ಗುರುತು.
ಒಂದ ಮೊಳಿ ಉಳದರೂ ಸಾಕು, ಬ್ಲೇಡಿನ ಹಲ್ಲು ಮುರೀತಾವ,
ಧನಜೀ ಸೇಠ ಎರಡು ದಿನ ನನ್ನ ಕೂಡ ಮಾತಾಡೂದಿಲ್ಲ.

ರವಿವಾರ ಮಶೀನ ನನ್ನ ಹೆಗಲ ಮ್ಯಾಲ.
ಗದಗ ರೋಡಿಗೆ ರೇಲ್ವೆ ಕ್ವಾರ್ಟರ್ಸು ಕೆಡವಿದ ಬಯಲು,
ಎರಿ ಮಣ್ಣು, ಹಂಚಿನ ಚೂರು, ಒಂದು ಕರಿಬೇವಿನ ಗಿಡ.
ಅಡಗಿಮನಿ ಎಲ್ಲಿತ್ತು ಅಂತ ಅದೊಂದಕ್ಕ ಗೊತ್ತು.
ಅದರ ಬುಡದಾಗ ಕುಂಯ್ ಅಂತು,
ಮೊಳಿಯ ದನಿ ಅಲ್ಲ, ಇನ್ನೊಂದು ಎಳಿ ತೆಳುವು.
ಗೇಣು ಅಗದೆ.
ಚಮಚ.

ತೊಳದು ನೋಡಿದರ ಹಿಡಕಿ ಮ್ಯಾಲ ಲಂಗರು,
ಲಂಗರಿಗೆ ಸುತ್ತಿದ ಹಗ್ಗ, ಬೆರಳಿಗೆ ತಾಕೂವಷ್ಟ ಬಾವುಟ.
ಎಂಟು ದಿನಕ್ಕೊಮ್ಮೆ ನಳ ಬರೂ ಊರಾಗ
ಹಡಗದ ಚಮಚ!
ನಾ ಕಂಡ ದೊಡ್ಡ ನೀರಂದ್ರ ಉಣಕಲ್ಲ ಕೆರಿ.

ಮಕ್ತುಮಸಾಬ ಕಲಾಯಿಗಾರ ತಿದಿ ಒತ್ತೂದು ಬಿಟ್ಟು
ಚಾಳೀಸ ಏರಿಸಿದ.
"ಬೆಳ್ಳಿ ಅಲ್ಲೋ ಗುರುಶಿದ್ದಾ, ಜರ್ಮನ್.
ಮ್ಯಾಲ ಬೆಳ್ಳಿ ನೀರು ಕುಡಿಸ್ಯಾರ."
ಹುಣಸಿಹಣ್ಣ ಹಚ್ಚಿ ತಿಕ್ಕಿದ. ಬೆನ್ನಿನ ಮ್ಯಾಲ ನಾಕ ಅಕ್ಷರ ಎದ್ದು ನಿಂತವು,
ಬಾಜೂಕ ಅಕ್ಕಿನುಚ್ಚಿನಷ್ಟು ಕಿರೀಟ.
"ನೀರು ಕುಡಿಸಿದ ಮಾಲಿಗೆ ಕಿರೀಟ ಒತ್ತಬ್ಯಾಡ್ರಿ,
ಖರೇ ಬೆಳ್ಳಿ ಅಂತ ಮಂದಿ ಮೋಸ ಹೋಗ್ತಾರ ಅಂತ
ವಿಲಾಯತಿಯೊಳಗ ಹುಕುಂ ಆತು.
ಸಾಹೇಬರ ಕ್ಲಬ್ಬಿನ ತಾಟು ತಿಕ್ಕಿದ ನಮ್ಮ ಅಜ್ಜ ಹೇಳತಿದ್ದ.
ಕಿರೀಟ ಐತಿ ಅಂದ್ರ ಹುಕುಮಿಗಿಂತ ಮದಲಿಂದು.
ನೂರಾ ಮೂವತ್ತು ವರ್ಷ ಹಿಡಿ."

ಆಮ್ಯಾಲ ಚಮಚದ ತುದಿ ಸವರಿದ. ಸುಮ್ಮನಾದ.
ಒಂದ ಕಡೆ ಎಳಿಯೂ ಎತ್ತಿನ ಗೊರಸಿನಂಗ
ಬಾಯಿ ಓರಿಯಾಗಿ ಸವದಿತ್ತು,
ಬೆಳ್ಳಿ ಹೋಗಿ ಒಳಗಿನ ಹಳದಿ ಹಣಿಕಿ ಹಾಕತಿತ್ತು.

"ಇದು ಹಡಗದ ಸವಕಲು ಅಲ್ಲ.
ಹಡಗದಾಗ ದಿನಾ ಬ್ಯಾರೆ ಬಾಯಿ, ಬ್ಯಾರೆ ಕೈ.
ಇದು ಒಂದ ಕೈ, ಒಂದ ಬೋಗುಣಿ.
ತಳ ಹತ್ತಿದ ಹಾಲು ಕೆರದ ಕೆಲಸ.
ಕಮ್ಮಿ ಅಂದ್ರೂ ಮೂವತ್ತು ವರ್ಷ."

ಯಾರು ತಂದರು?
ಗೋವಾದ ಬಟ್ಲರ ಒಬ್ಬಾವ ಬೂಟಿನಾಗ ಇಟ್ಟು ಇಳದನೋ,
ಹಡಗ ಮುರದಾಗ ಹರಾಜಿನಾಗ ಡಜನ್ ಹಿಡದರೋ,
ಉಳದ ಹನ್ನೊಂದು ಯಾವ ಮಣ್ಣಾಗ ಅದಾವೋ,
ಮಕ್ತುಮಸಾಬಗ ಗೊತ್ತಿಲ್ಲ.
ಗೊತ್ತೈತಿ ಅಂತ ಅವ ಹೇಳಲೂ ಇಲ್ಲ.

ಆರಾಕ ಇಟ್ಟ ಬೋಗುಣಿಯೊಳಗ ಚಮಚ ಊರಿ ನಾನೂ ಕೆರದೆ.
ಕೂಡಲಿಲ್ಲ. ತುದಿ ಅಷ್ಟ ತಾಗಿ ಕಿರ್ರಂತು.
"ಹೊಸಾ ಕಲಾಯಿ ಮ್ಯಾಲ ಗೆರಿ ಎಳದೆಲ್ಲೋ!"
ಮುದುಕ ತನ್ನ ಚಹಾದ ಪಾತೇಲಿ ನನ್ನ ಕಡೆ ನೂಕಿದ.
ಅದರಾಗೂ ಕೂಡಲಿಲ್ಲ.
ಯಾಕೋ ಕೈ ಬದಲಿಸಿದೆ.
ಎಡಗೈಯಾಗ ಚಮಚ ತಳಕ್ಕ ಮಲಗಿಬಿಟ್ಟಿತು,
ತನ್ನ ಹಾಸಿಗಿ ಸಿಕ್ಕಂಗ.

"ಎಡಚಿ," ಅಂದ ಮಕ್ತುಮಸಾಬ.
ಬೆಂಕಿ ಆರಾಕತ್ತಿತ್ತು, ಇಬ್ಬರೂ ನೋಡಲಿಲ್ಲ.

ಆಕಿ ಹೆಸರು ಗೊತ್ತಿಲ್ಲ, ಭಾಷಾ ಗೊತ್ತಿಲ್ಲ,
ಸಮುದ್ರ ಕಂಡಿದ್ದಳೋ ಇಲ್ಲೋ.
ಹಾಲು ಕಾಯಾಕ ಇಟ್ಟು ಮರೀತಿದ್ದಳು, ಅದು ಖರೇ.
ಎಡಗೈ ಅಂತ ಬೈಸಿಕೊಂಡಿರಬೇಕು, ಅದೂ ಖರೇ ಇರಬೇಕು.

ಸೋಮವಾರ ಒಂದು ಸಾಗವಾನಿ ಚೌಕಟ್ಟು ಬಂತು.
ಎಂಟು ಕಡೆ ಸುಣ್ಣ ಹಚ್ಚಿದೆ.
ಒಂಬತ್ತನೇ ಮೊಳಿಗೆ ಬ್ಲೇಡಿನ ಮೂರು ಹಲ್ಲು ಹೋದವು.
ಸೇಠ ಮಾತಾಡವಲ್ಲ.
ನಾನೂ ಒಂದು ಮೂಲ್ಯಾಗ ಕುಂತು
ಪಾತೇಲಿ ತಳಾ ಕೆರಿಯಾಕತ್ತೇನಿ,
ಎಡಗೈಲೆ.